ಗಾಲಿ ಹೊರಗ ಬಂದ್ರ ಗತ್ತು ಬರ್ತದೇನು?

ಇಂಡಿ ತಾಲ್ಲೂಕಿನಲ್ಲಿ ಹೊಸ ಗಾಡಿ ದಾಟಬೇಕಾದ ಮೊದಲ ಅಡೆತಡೆ ಲಿಂಬೆಹಣ್ಣು. ನಾಲ್ಕು ಗಾಲಿಗೆ ನಾಲ್ಕು. ಬೇರೆ ಕಡೆಯವರು ಸಂತೆಯಿಂದ ತಂದ ಯಾವುದೋ ಲಿಂಬೆ ಇಡುತ್ತಾರೆ. ನಮ್ಮವರು ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸ್ವಂತ ತೋಟದ ಲಿಂಬೆಯನ್ನೇ ಇಟ್ಟು ಪಚಕ್ ಅನ್ನಿಸುತ್ತಾರೆ. ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಊರಿಗೆ ಮಹೀಂದ್ರದ ಥಾರ್ ಹೆಚ್ಚಾದಷ್ಟೂ ಲಿಂಬೆಯ ಖರ್ಚು ಹೆಚ್ಚುತ್ತದೆ ಅನ್ನುವುದು ಮಂಡಳಿಯ ಗಮನಕ್ಕೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲ.

ಲಿಂಬೆಯ ಸಿಪ್ಪೆ ಅಂಗಳದಲ್ಲಿ ಒಣಗುವುದರೊಳಗೆ ಗಾಡಿಯ ಧಣಿ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಹೋಗಿ ಕಂಪನಿ ಕೊಟ್ಟ ನಾಲ್ಕೂ ಗಾಲಿ ಬಿಚ್ಚಿಸಿ, ಬೇರೆ ಹಾಕಿಸಿಕೊಂಡು ಬರುತ್ತಾನೆ. ಪೂಜೆ ಆದದ್ದು ಒಂದು ಜೊತೆಗೆ, ಓಡುವುದು ಇನ್ನೊಂದು ಜೊತೆಯ ಮೇಲೆ! ಬಿಚ್ಚಿದ ಗಾಲಿಗಳು ಮನೆಯ ಹಿಂದೆ ಜೋಳದ ಚೀಲದ ಪಕ್ಕ ಕುಂಕುಮ ಹಚ್ಚಿಕೊಂಡು ಕೂತಿರುತ್ತವೆ.

ನನ್ನ ಸೋದರಳಿಯನೂ ಇದೇ ಕೆಲಸ ಮಾಡಿಕೊಂಡು ಬಂದು ಗಾಡಿಯನ್ನು ಕಟ್ಟೆಯ ಮುಂದೆ ನಿಲ್ಲಿಸಿದ. ಕಪ್ಪು ರಿಮ್ಮು, ಗುಡ್ಡಗುಡ್ಡದಂಥ ಹಲ್ಲಿನ ಟೈರು. ಗಾಲಿ ಮಡಗಾರ್ಡಿನಿಂದ ಮೂರು ಬೆರಳು ಹೊರಗೆ ಇಣುಕುತ್ತಿತ್ತು.

“ಮಾಮಾ, ಈಗ ನೋಡ್ರಿ, ಗಾಡಿಗಿ ಗತ್ತು ಬಂತಿಲ್ಲೊ?”

“ಬಂತಪಾ. ಆಫ್‌ಸೆಟ್ ಎಷ್ಟು?”

“ಆಫ್‌ಸೆಟ್ಟಾ? ಅದು ಲಗ್ನಪತ್ರಿಕಿ ಹೊಡಸೋದಲ್ಲೇನ್ರಿ?”

ನಗಬೇಡಿ. ರಿಮ್ಮಿನ ದರ ಅವನಿಗೆ ಪೈಸೆ ಸಮೇತ ಗೊತ್ತು. ಯಾವ ಸಿನಿಮಾದ ಹೀರೋ ಇಂಥದ್ದನ್ನೇ ಹಾಕಿಸಿದ್ದಾನೆ ಅನ್ನುವುದೂ ಗೊತ್ತು. ಆ ಗಾಲಿ ಗಾಡಿಯ ಮೈಗೆ ಎಲ್ಲಿ ಕೂಡುತ್ತದೆ ಅನ್ನುವುದೊಂದೇ ಗೊತ್ತಿಲ್ಲ. ಮಾರಿದವನೂ ಹೇಳಿಲ್ಲ, ಇವನೂ ಕೇಳಿಲ್ಲ. ಹಳೆ ಚಕ್ಕಡಿ ಕಾಲದಲ್ಲಿ ಗಾಲಿ ಮಾಡುವ ಬಡಿಗನ ಎದುರು ಇಂಥ ವ್ಯಾಪಾರ ನಡೆದಿದ್ದರೆ ಆತ ಬಾಚಿ ಕೆಳಗಿಟ್ಟು ಕೈಮುಗಿದುಬಿಡುತ್ತಿದ್ದ.

ವಿಷಯ ಕಷ್ಟದ್ದೇನೂ ಅಲ್ಲ. ಗಾಲಿಯನ್ನು ನಿಲ್ಲಿಸಿ ಅದರ ಅಗಲದ ನಟ್ಟನಡುವೆ ಒಂದು ಗೆರೆ ಎಳೆದಿರಿ ಅಂತ ಇಟ್ಟುಕೊಳ್ಳಿ. ನಟ್ಟು ಬಿಗಿದಾಗ ಗಾಲಿ ಹಬ್ಬಿಗೆ ಅಂಟಿ ಕೂರುವ ಒಂದು ಮುಖ ಇರುತ್ತದಲ್ಲ, ಆ ಮುಖ ನಡುಗೆರೆಯಿಂದ ಎಷ್ಟು ಮಿಲಿಮೀಟರ್ ಆಚೆ-ಈಚೆ ಇದೆಯೋ ಅದೇ ಆಫ್‌ಸೆಟ್. ಮುಖ ರಸ್ತೆಯ ಬದಿಗೆ, ಅಂದರೆ ಹೊರಗಡೆಗೆ ಸರಿದಿದ್ದರೆ ಅದು ಪಾಸಿಟಿವ್. ಆಗ ಗಾಲಿಯ ಬಹುಪಾಲು ಗಾಡಿಯ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಮುಖ ಒಳಗಡೆಗೆ ಸರಿದಿದ್ದರೆ ನೆಗೆಟಿವ್, ಗಾಲಿ ಹೊರಗೆ ಚಾಚುತ್ತದೆ. ಗೆರೆಯ ಮೇಲೇ ಇದ್ದರೆ ಸೊನ್ನೆ. ರಿಮ್ಮಿನ ಮೈಮೇಲೆ ‘ಇಟಿ’ ಎಂದು ಅಚ್ಚು ಹೊಡೆದು ಪಕ್ಕದಲ್ಲಿ ಒಂದು ಅಂಕಿ ಹಾಕಿರುತ್ತಾರೆ. ಆಫ್‌ಸೆಟ್ಟಿನ ಜಾತಕ ಅಷ್ಟೇ.

ಅಳಿಯನಿಗೆ ಲೆಕ್ಕ ಬಿಡಿಸಿ ತೋರಿಸಿದೆ. ಮೊದಲು 7 ಇಂಚಿನ ರಿಮ್ಮು, ಇಟಿ 35 ಇತ್ತು ಅನ್ನೋಣ. ಹೊಸದು 8 ಇಂಚು, ಇಟಿ ಸೊನ್ನೆ. ಅಗಲ ಒಂದಿಂಚು ಹೆಚ್ಚಾಯಿತು, ಅದರ ಅರ್ಧ ಹೊರಗೆ, ಅರ್ಧ ಒಳಗೆ. ಹೊರಗಿನ ಅರ್ಧ ಅಂದರೆ 12.7 ಮಿಲಿಮೀಟರ್. ಅದರ ಮೇಲೆ ಆಫ್‌ಸೆಟ್ ಕಡಿಮೆಯಾದದ್ದು 35. ಒಟ್ಟು 47.7 ಮಿಲಿಮೀಟರ್ ಗಾಲಿ ಹೊರಗೆ ಬಂತು, ಎರಡು ಇಂಚಿಗೆ ಎಳ್ಳಷ್ಟು ಕಡಿಮೆ. ಒಳಗಿನ ಅಂಚು ಮಾತ್ರ ಸಸ್ಪೆನ್ಷನ್ನಿನಿಂದ 22.3 ಮಿಲಿಮೀಟರ್ ದೂರ ಸರಿಯಿತು. ಅಂಗಡಿಯವನು “ಒಳಗ ಎಲ್ಲೂ ತಾಗಂಗಿಲ್ರಿ ಸಾವ್ಕಾರ” ಅಂತ ಪ್ರಮಾಣ ಮಾಡುತ್ತಾನೆ. ಸುಳ್ಳಲ್ಲ, ಒಳಗೆ ತಾಗುವುದಿಲ್ಲ. ಸ್ಟೇರಿಂಗ್ ಪೂರ್ತಿ ತಿರುವಿದಾಗ ಮುಂದಿನ ಬಂಪರಿಗೂ ಮಡಗಾರ್ಡಿನ ಹಿಂದಿನ ತುಟಿಗೂ ಗರಗರ ಅಂತ ಉಜ್ಜುತ್ತದೆ, ಯಾಕೆಂದರೆ ಹೊರಗೆ ಹೋದ ಗಾಲಿ ತಿರುಗುವಾಗ ದೊಡ್ಡ ಸುತ್ತು ಹಾಕುತ್ತದೆ. ಆ ಮಾತು ಅವನ ಬಾಯಿಂದ ಬಂದಿರುವುದಿಲ್ಲ.

ಇನ್ನು ಭಾರದ ಮಾತು. ನೀರು ತುಂಬಿದ ಕೊಡವನ್ನು ನಮ್ಮ ಅವ್ವಂದಿರು ಟೊಂಕದ ಮೇಲೆ ಇಟ್ಟುಕೊಂಡು ಹರದಾರಿ ನಡೆಯುತ್ತಾರೆ. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ ಅಂದರೆ ನಾಲ್ಕು ಹೆಜ್ಜೆಗೆ ಭುಜ ಕಳಚುತ್ತದೆ. ನೀರು ಅಷ್ಟೇ, ಕೊಡ ಅದೇ, ಮೈಯಿಂದ ದೂರ ಹೋಯಿತು, ಅಷ್ಟೆ. ಗಾಲಿ ಹೊರಗೆ ಹೋದಾಗ ಬೇರಿಂಗಿಗೆ ಆಗುವುದೂ ಇದೇ. ಗಾಡಿಯ ತೂಕ ಒಂದು ಕಿಲೋ ಹೆಚ್ಚದಿದ್ದರೂ ಬೇರಿಂಗಿನ ಮೇಲೆ, ಬಾಲ್ ಜಾಯಿಂಟಿನ ಮೇಲೆ ಬೀಳುವ ಮೀಟುವ ಬಲ ಹೆಚ್ಚುತ್ತದೆ. ಸ್ಟೇರಿಂಗ್ ತಿರುಗುವ ಅಚ್ಚು ನೆಲಕ್ಕೆ ಮುಟ್ಟುವ ಜಾಗ ಒಂದು ಕಡೆ, ಟೈರಿನ ನಡು ಇನ್ನೊಂದು ಕಡೆ ಆಗುತ್ತವೆ. ಈ ಅಂತರ ಬೆಳೆದಷ್ಟೂ ಒಂದು ಕಲ್ಲಿಗೆ ಗಾಲಿ ಬಡಿದರೆ ಸ್ಟೇರಿಂಗ್ ಕೈಯನ್ನೇ ತಿರುವಿಬಿಡುತ್ತದೆ. ರಸ್ತೆಯ ಒಂದು ಮಗ್ಗಲಿಗೆ ನೀರು ನಿಂತಿದ್ದಾಗ ಗಾಡಿ ಅತ್ತಲೇ ಎಳೆಯುತ್ತದೆ. ರಿಮ್ಮು ಬದಲಿಸದೆ ನಡುವೆ ಸ್ಪೇಸರ್ ಎಂಬ ಬಿಲ್ಲೆ ಹಾಕಿಸುವ ಜಾಣರೂ ಇದ್ದಾರೆ. 30 ಮಿಲಿಮೀಟರ್ ಬಿಲ್ಲೆ ಹಾಕಿದರೆ ಆಫ್‌ಸೆಟ್ 30 ಇಳಿಯಿತು ಅಂತಲೇ ಅರ್ಥ. ಕತೆ ಅದೇ, ಖರ್ಚು ಕಡಿಮೆ.

ಇದೆಲ್ಲ ಗಾಡಿಯವನ ಸಂಕಟ. ದಾರಿಹೋಕರದ್ದು ಬೇರೆಯೇ ಇದೆ. ಮಡಗಾರ್ಡ್ ಅಂತ ಕಂಪನಿಯವರು ಕೊಟ್ಟದ್ದು ರಾಡಿ ತಡೆಯಲಿಕ್ಕೆ. ಗಾಲಿ ಅದರ ನೆರಳಿನಿಂದ ಹೊರಗೆ ಬಂದ ಮೇಲೆ ರಾಡಿಗೆ ತಡೆ ಯಾರು? ಮೊದಲ ಕಂತು ಗಾಡಿಯ ಬಾಗಿಲಿಗೆ, ಕನ್ನಡಿಗೆ, ಧಣಿಯ ಮೊಣಕೈಗೆ. ಎರಡನೇ ಕಂತು ಬಸ್‌ಸ್ಟ್ಯಾಂಡ್ ಎದುರು ಬಿಳಿ ಧೋತರ, ಬಿಳಿ ನೆಹರೂ ಅಂಗಿ, ಹಳದಿ ರುಮಾಲಿನಲ್ಲಿ ಲಗ್ನಕ್ಕೆ ಹೊರಟು ನಿಂತ ಹಿರಿಯರಿಗೆ. ನಮ್ಮ ಭಾಗದಲ್ಲಿ ಹಿರಿಯರ ಧೋತರಕ್ಕೆ ಎರಿ ಮಣ್ಣು ಸಿಡಿಸಿದವನಿಗೆ ಸಿಗುವ ಬೈಗಳು ಯಾವ ನಿಘಂಟಿಗೂ ಸಿಕ್ಕಿಲ್ಲ. ಅವು ಅವನೊಬ್ಬನಿಗೆ ನಿಲ್ಲುವುದಿಲ್ಲ, ಅಪ್ಪ ಅಜ್ಜರ ಜಾಡು ಹಿಡಿದು ಏಳು ತಲೆ ಹಿಂದಕ್ಕೆ ಹೋಗುತ್ತವೆ.

ಅಳಿಯನ ಅಪ್ಪ, ಅಂದರೆ ನನ್ನ ಭಾವ, ಇಷ್ಟು ಹೊತ್ತೂ ಕಟ್ಟೆಯ ತುದಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಇಂಗ್ಲಿಷ್ ಬಾರದವರು, ಆಫ್‌ಸೆಟ್ ಅನ್ನುವ ಮಾತು ಅವತ್ತೇ ಕೇಳಿದವರು. ಎಲೆ ಬಾಯಿಗಿಟ್ಟುಕೊಂಡು ಒಂದೇ ಮಾತು ಹೇಳಿದರು: “ನಮ್ಮ ಟ್ಯಾಕ್ಟರ್ ಗಾಲಿ ಉಲ್ಟಾ ಹಾಕ್ತೇವಲ್ಲ, ಅದ ಇದು.”

ನೋಡಿ, ಎಷ್ಟು ಸರಿ! ಟ್ರ್ಯಾಕ್ಟರಿನ ಹಿಂದಿನ ಗಾಲಿಯ ನಡುವಿನ ಡಿಸ್ಕು ತಟ್ಟೆಯ ಹಾಗೆ ಒಂದು ಕಡೆ ಕುಳಿ ಬಿದ್ದಿರುತ್ತದೆ. ಅದನ್ನು ಮಗುಚಿ ಹಾಕಿದರೆ, ಇಲ್ಲವೇ ರಿಮ್ಮಿನ ಕಿವಿಗಳನ್ನು ಡಿಸ್ಕಿನ ಈ ಮಗ್ಗಲಿನಿಂದ ಆ ಮಗ್ಗಲಿಗೆ ಬದಲಿಸಿ ಬೋಲ್ಟು ಬಿಗಿದರೆ ಎರಡು ಗಾಲಿಗಳ ನಡುವಿನ ಅಂತರ ಹೆಚ್ಚು ಕಡಿಮೆ ಆಗುತ್ತದೆ. 1946ರಲ್ಲಿ ಬಂದ ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲೇ ಹಿಂದಿನ ಗಾಲಿಗಳನ್ನು 48 ಇಂಚಿನಿಂದ 76 ಇಂಚಿನವರೆಗೆ, ನಾಲ್ಕು ನಾಲ್ಕು ಇಂಚಿನ ಮೆಟ್ಟಿಲಲ್ಲಿ ಹಿಗ್ಗಿಸಬಹುದಿತ್ತು. ಅಂದರೆ ಒಂದೇ ಗಾಲಿಗೆ ಎಂಟು ಆಫ್‌ಸೆಟ್! ಡಿಸ್ಕು ಮಗುಚಿದಾಗ ಎಡಗಾಲಿಯನ್ನು ಬಲಕ್ಕೆ, ಬಲಗಾಲಿಯನ್ನು ಎಡಕ್ಕೆ ಹಾಕಬೇಕು, ಇಲ್ಲದಿದ್ದರೆ ಟೈರಿನ ಹಲ್ಲು ಹಿಮ್ಮುಖವಾಗಿ ಹಿಡಿತ ಹೋಗುತ್ತದೆ. ಇದನ್ನು ಭಾವನವರಿಗೆ ಯಾವ ಇಂಜಿನಿಯರನೂ ಹೇಳಿಕೊಟ್ಟದ್ದಲ್ಲ.

ಆದರೆ ಅವರು ಗಾಲಿ ಅಗಲ ಮಾಡಿದ್ದು ಯಾತಕ್ಕೆ? ತೊಗರಿ ಸಾಲಿನ ನಡುವೆ ಎಡೆ ಹೊಡೆಯುವಾಗ ಬೆಳೆಯ ಮೇಲೆ ಗಾಲಿ ಹೋಗಬಾರದು, ಅದಕ್ಕೆ. ಸಾಲು ನೋಡಿ ಗಾಲಿ. ಮಗ ಅಗಲ ಮಾಡಿದ್ದು ಫೋಟೋ ನೋಡಿ. ಅಪ್ಪನಿಗೆ ಅಗಲದ ಖರ್ಚು ಎರಡು ಪಾನಾ ಮತ್ತು ಒಂದು ಮುಂಜಾನೆ. ಮಗನಿಗೆ ಎರಡು ಎತ್ತಿನ ದುಡ್ಡು. ಅದೂ ಖಿಲಾರಿ ಎತ್ತು.

ಭಾವನವರ ಟ್ರ್ಯಾಕ್ಟರಿನ ಮುಂದಿನ ಟೈರಿನ ಅಳತೆ ಓದಿ ನೋಡು ಅಂತ ಅಳಿಯನನ್ನು ಕಳಿಸಿದೆ. 6.00-16 ಅಂತ ಓದಿಕೊಂಡು ಬಂದ. ಎರಡನೇ ಮಹಾಯುದ್ಧದಲ್ಲಿ ಮರುಭೂಮಿ, ಕೆಸರು, ಹಿಮ ಎಲ್ಲದರಲ್ಲೂ ಓಡಾಡಿದ ವಿಲ್ಲೀಸ್ ಜೀಪಿನ ಟೈರಿನ ಅಳತೆಯೂ ಇದೇ, 6.00-16. ರಿಮ್ಮಿನ ಅಗಲ ಬರೀ ನಾಲ್ಕೂವರೆ ಇಂಚು. ಅದೇ ಜೀಪನ್ನು ಮಹೀಂದ್ರದವರು 1947ರಿಂದ ಇಲ್ಲಿ ಜೋಡಿಸಲಿಕ್ಕೆ ಹತ್ತಿದರು. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಅಳಿಯನ ಥಾರ್ ಅದೇ ಮನೆತನದ ಕೂಸು. ಆಫ್ ರೋಡ್ ಅನ್ನುವ ವಂಶದ ಮೂಲಪುರುಷ ಕೈಬೆರಳಿನಷ್ಟು ಸಣ್ಣ ಗಾಲಿಯ ಮೇಲೆ ಯುದ್ಧ ಗೆದ್ದುಬಂದ. ಮರಿಮೊಮ್ಮಗನಿಗೆ ಇಂಡಿಯಿಂದ ಝಳಕಿಗೆ ಚಹಾ ಕುಡಿಯಲು ಹೋಗಲಿಕ್ಕೆ ಎಂಟಿಂಚು ಸಾಲುವುದಿಲ್ಲ.

ಇನ್ನೊಂದು ತಮಾಷೆ. 2023ರ ಜನವರಿಯಲ್ಲಿ ಬರೀ ಹಿಂದಿನ ಗಾಲಿಗೆ ಶಕ್ತಿ ಕೊಡುವ ಅಗ್ಗದ ಥಾರ್ ಬಂತು. ನಮ್ಮ ಕಡೆ ಅದನ್ನು ಕೊಂಡವರೂ ಬಹಳ. ಅದಕ್ಕೂ ರಾಡಿ ಟೈರು, ಅದಕ್ಕೂ ಹೊರಚಾಚಿದ ರಿಮ್ಮು! ಮುಂದಿನ ಗಾಲಿ ಎಷ್ಟು ಹೊರಗೆ ಬಂದರೇನು, ಅದು ಎಳೆಯುವುದಿಲ್ಲ. ಮೆರವಣಿಗೆಯಲ್ಲಿ ಮುಂದೆ ನಿಂತು ಮೀಸೆ ತಿರುವುವುದು ಮಾತ್ರ ಅದರ ಕೆಲಸ.

ಎಲ್ಲಕ್ಕಿಂತ ದೊಡ್ಡ ಗುರು ನಮ್ಮ ಎರಿ ಮಣ್ಣು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಡೋಣಿ ಹೊಳೆಯ ಸಾಲಿನ ಹೊಲಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಡೋಣಿ ಹರಿದರೆ ಓಣಿ ತುಂಬ ಜೋಳ ಅನ್ನುವುದು ಈ ಮಣ್ಣಿನ ಗುಣಕ್ಕೇ. ಅದೇ ಗುಣ ಗಾಡಿಯವನಿಗೆ ಶನಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ಮಣ್ಣು ಮಳೆಗೆ ನೀರು ಕುಡಿದು ಉಬ್ಬುತ್ತದೆ. ಮಳೆ ಸುರಿಯುತ್ತಿದ್ದಾಗ ಜಾರುತ್ತದೆ, ಅಷ್ಟೇ. ಮಳೆ ನಿಂತು ಮಣ್ಣು ಅರೆಬರೆ ಆರಿದಾಗ ಅದರ ನಿಜವಾದ ಪ್ರೀತಿ ಶುರುವಾಗುತ್ತದೆ. ಚಪ್ಪಲಿಗೆ ಮೆತ್ತಿದರೆ ಒಂದೊಂದು ಕಾಲೂ ಎರಡೆರಡು ಕಿಲೋ. ಟೈರಿನ ಹಲ್ಲಿನ ಸಂದಿಯಲ್ಲಿ ಕೂತರೆ ಯಾವ ಕಂಪನಿಯ ಟೈರೂ ಎರಡು ಸುತ್ತಿಗೆ ಬೋಳು. ಅಲ್ಲಿಂದ ಮಣ್ಣು ಮಡಗಾರ್ಡಿನ ಒಳಗೆ ತುಂಬಿ, ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಅಗಲ ಟೈರು ಹೆಚ್ಚು ಮಣ್ಣು ಎತ್ತಿಕೊಂಡು ಬರುತ್ತದೆ. ಹಾಗಾದರೆ ಸಣ್ಣ ಟೈರು ಹಾಕಿ, ಕೊಯ್ದುಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟಿ ಅನ್ನುತ್ತಾರೆ ಪುಸ್ತಕ ಓದಿದವರು. ಮಸಾರಿ ನೆಲದಲ್ಲಿ, ಗರಸು ರಸ್ತೆಯಲ್ಲಿ ಆ ಮಾತು ನೂರಕ್ಕೆ ನೂರು ಖರೆ. ಡೋಣಿ ದಂಡೆಯ ಆಳ ಎರಿಯಲ್ಲಿ ಗಟ್ಟಿ ನೆಲ ಹುಡುಕುತ್ತ ಹೋದರೆ ಗಾಡಿ ಸಿಗುವುದು ಮುಂದಿನ ಹಂಗಾಮಿಗೆ.

ಹಾಗಾದರೆ ಇಲ್ಲಿಗೆ ಯಾವ ಗಾಲಿ? ಯಾವುದೂ ಅಲ್ಲ. ಇಲ್ಲಿ ಬೇಕಾದದ್ದು ಹದ. ಖಿಲಾರಿ ಎತ್ತೂ ಹದ ಬರುವವರೆಗೆ ಹೊಲಕ್ಕೆ ಇಳಿಯುವುದಿಲ್ಲ, ಟ್ರ್ಯಾಕ್ಟರೂ ಇಳಿಯುವುದಿಲ್ಲ. ಹದ ನೋಡದೆ ಇಳಿಯುವವನು ಥಾರ್‌ನವನೊಬ್ಬನೇ. ಹುಗಿದ ಮೇಲೆ ಫೋನು. ಟ್ರ್ಯಾಕ್ಟರಿನವನು ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಎಷ್ಟ ಬಿತ್ತರೀ ಈ ಗಾಲಿಗಿ?” ಅಂತ ಮೊದಲು ದರ ಕೇಳಿ, ಆಮೇಲೆ ಸರಪಳಿ ಕಟ್ಟುತ್ತಾನೆ. ದರ ಕೇಳಿದ ಮೇಲೆ ಬಾಡಿಗೆ ತಾನೇ ಏರುತ್ತದೆ. ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ ಇಟ್ಟು ಬಹುಮಾನ ಕೊಡುತ್ತಾರೆ. ಇಲ್ಲಿ ಸೋತವನೇ ಬಹುಮಾನ ಕೊಡಬೇಕು. ಇನ್ನು ಡೋಣಿಗೆ ಹೊಳೆ ಬಂದಾಗ ತಾಳಿಕೋಟೆಯ ಸೇತುವೆ ಮೇಲೆ ನೀರು ಏರುವುದು ಎಲ್ಲರಿಗೂ ಗೊತ್ತು. ಆ ನೀರಿಗೆ ಆಫ್‌ಸೆಟ್ ತಿಳಿಯುವುದಿಲ್ಲ, ಗತ್ತೂ ತಿಳಿಯುವುದಿಲ್ಲ. ಅಲ್ಲಿ ಗಾಡಿ ಇಳಿಸುವುದು ಹರಟೆಯ ವಿಷಯ ಅಲ್ಲ.

ಸಿಂದಗಿ ಕಡೆಯ ಮಾತು ಬೇರೆ. ಅಲ್ಲಿ ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಬೆನ್ನಿಗೆ ಕಟ್ಟಿಕೊಂಡು, ಊರಿಗೆಲ್ಲ ಕೇಳುವ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರ್ ಎದುರು ಬಂತೆಂದರೆ ಡಾಂಬರು ಅದರದ್ದು, ಮಗ್ಗಲು ನಿಮ್ಮದು. ಮಗ್ಗಲಿನ ಕಲ್ಲಿಗೆ ಮೊದಲು ಮುತ್ತು ಕೊಡುವುದು ಹೊರಗೆ ಬಂದ ರಿಮ್ಮಿನ ತುಟಿ. ಅಲಾಯ್ ಆದರೆ ಬಿರುಕು, ಹಳ್ಳಿಯಲ್ಲಿ ಅದಕ್ಕೆ ಮದ್ದಿಲ್ಲ. ಸ್ಟೀಲ್ ರಿಮ್ಮು ಬಾಗುತ್ತದೆ; ಸುತ್ತಿಗೆ, ಒಂದು ಕಟ್ಟಿಗೆ ತುಂಡು ಇದ್ದರೆ ಪಂಕ್ಚರ್ ಅಂಗಡಿಯವನೇ ಮನೆ ಮುಟ್ಟುವಷ್ಟು ನೆಟ್ಟಗೆ ಮಾಡಿ ಕೊಡುತ್ತಾನೆ. ತೂಕ ಹೆಚ್ಚು, ಚೆಂದ ಕಡಿಮೆ, ಖರೆ. ನಮ್ಮ ರಸ್ತೆಗಳಿಗೆ ನನ್ನ ಮತ ಸ್ಟೀಲಿಗೇ.

ರಿಮ್ಮು ದೊಡ್ಡದಾದಷ್ಟೂ ಚೊಲೊ ಅನ್ನುವ ನಂಬಿಕೆಯೂ ಒಂದಿದೆ. ಥಾರ್‌ನ ಮೇಲ್ದರ್ಜೆಗೆ ಕಂಪನಿ ಕೊಟ್ಟದ್ದು 18 ಇಂಚಿನ ಅಲಾಯ್, ಟೈರು 255/65. ಕೆಳದರ್ಜೆಗೆ 16 ಇಂಚಿನ ಸ್ಟೀಲು, ಟೈರು 245/75. ಟೈರಿನ ಮಗ್ಗಲಿನ ಎತ್ತರ ಲೆಕ್ಕ ಹಾಕಿ: ಮೊದಲನೆಯದು ಸುಮಾರು 166 ಮಿಲಿಮೀಟರ್, ಎರಡನೆಯದು ಸುಮಾರು 184. ದುಡ್ಡು ಕಡಿಮೆ ಕೊಟ್ಟವನಿಗೇ ರಬ್ಬರು ಎತ್ತರ! ಕಲ್ಲು ಬಡಿದಾಗ ತಡೆಯುವುದು, ಗಾಳಿ ಇಳಿಸಿದಾಗ ಚಪ್ಪಟೆಯಾಗಿ ನೆಲ ಹಿಡಿಯುವುದು ಈ ರಬ್ಬರೇ ಹೊರತು ರಿಮ್ಮಲ್ಲ. ಮೆತ್ತಗಿನ ನೆಲದಲ್ಲಿ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿದರೆ ಸಿಗುವ ಲಾಭ ಯಾವ ಅಗಲ ರಿಮ್ಮಿನಿಂದಲೂ ಸಿಗುವುದಿಲ್ಲ, ಮತ್ತು ಅದು ಪುಕ್ಕಟೆ. ಡಾಂಬರಿಗೆ ಬಂದ ಮೇಲೆ ತುಂಬಿಸಿಕೊಳ್ಳಲು ಒಂದು ಸಣ್ಣ ಪಂಪು ಗಾಡಿಯಲ್ಲಿರಲಿ. ಇಳಿದ ಗಾಳಿಯಲ್ಲಿ ಹೈವೇ ಹತ್ತಬೇಡಿ.

ಹಾಗಂತ ಆಫ್‌ಸೆಟ್ ಕಡಿಮೆ ಮಾಡುವುದೇ ಪಾಪ ಅಂತ ನಾನೇನೂ ಪಂಚಾಯ್ತಿ ತೀರ್ಪು ಕೊಡುತ್ತಿಲ್ಲ. ನಿಜಕ್ಕೂ ಅಗಲ ಟೈರು ಬೇಕಾದವನಿಗೆ ಒಳಗೆ ಸಸ್ಪೆನ್ಷನ್ನಿಗೆ ತಾಗದಿರಲು ಸ್ವಲ್ಪ ಹೊರಗೆ ತರಲೇಬೇಕಾಗುತ್ತದೆ. ಗಾಡಿಯನ್ನು ಎತ್ತರಿಸಿದವನಿಗೆ ಗಾಲಿಗಳ ಅಂತರ ಕೊಂಚ ಹೆಚ್ಚಿದ್ದರೆ ಓರೆ ಇಳಿಜಾರಿನಲ್ಲಿ ಉರುಳುವ ಭಯ ಕಡಿಮೆ. ಆದರೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ನಮ್ಮ ತಾಲ್ಲೂಕುಗಳಲ್ಲಿ ಅಂಥ ಓರೆ ಗುಡ್ಡ ಎಲ್ಲಿದೆ ಮಾರಾಯರೆ? ಇರುವ ಎತ್ತರವೆಲ್ಲ ಹೊಲದ ಒಡ್ಡು. ಕಂಪನಿಯ ಅಂಕಿಯಿಂದ 10-15 ಮಿಲಿಮೀಟರ್ ಇಳಿದರೆ ಗಾಡಿ ಸಹಿಸಿಕೊಳ್ಳುತ್ತದೆ. ಅದರಾಚೆಗೆ ಹೋದದ್ದೆಲ್ಲ ಫೋಟೋಕ್ಕೆ.

ಕಾನೂನಿನ ಮಾತನ್ನು ಅಳಿಯ ಕೇಳಿಸಿಕೊಳ್ಳಲಿಲ್ಲ, ನೀವಾದರೂ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ವಿಜಯಪುರದ ‘ಕೆಎ-28’ ನಂಬರಿನ ಗಾಡಿಗೆ ಬೇರೆ ಕಾನೂನೇನೂ ಇಲ್ಲ. ಪೊಲೀಸರ ದಂಡ ಸಣ್ಣದು; ಅಪಘಾತದ ನಂತರ ವಿಮೆಯವರು ಗಾಲಿಯ ಕಡೆ ನೋಡಿ “ಇದು ಕಂಪನಿದಲ್ಲಲ್ರಿ” ಅಂದರೆ ಅದು ದೊಡ್ಡದು.

ಇಷ್ಟಾದ ಮೇಲೂ ಬದಲಿಸಿಯೇ ತೀರುತ್ತೇನೆ ಅನ್ನುವವರಿಗೆ ಒಂದೆರಡು ಮಾತು. ಬೋಲ್ಟಿನ ತೂತು ಎಣಿಸಿ: ಈಗಿನ ಥಾರ್‌ಗೆ ಆರು, ಜಿಮ್ನಿಗೆ ಮತ್ತು ಹಳೆಯ ಜಿಪ್ಸಿಗೆ ಐದು. ಆ ತೂತುಗಳು ಕೂತ ಸುತ್ತಿನ ವ್ಯಾಸ ಮೂರಕ್ಕೂ 139.7 ಮಿಲಿಮೀಟರೇ, ಆದರೂ ಥಾರ್‌ನದ್ದು ಉಳಿದೆರಡಕ್ಕೆ ಆಗುವುದಿಲ್ಲ. ನಡುವಿನ ತೂತು ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು. ನಟ್ಟಿನ ತಲೆ ಕೂರುವ ಜಾಗ ಇಳಿಜಾರೋ ಚಪ್ಪಟೆಯೋ ನೋಡಿ, ಅದಕ್ಕೆ ತಕ್ಕ ನಟ್ಟೇ ಹಾಕಿಸಿ. ಒಂದು ಗಾಲಿ ಹೊರುವ ಭಾರ ರಿಮ್ಮಿನ ಮೇಲೆ ಬರೆದಿರುತ್ತದೆ, ಐಎಸ್‌ಐ ಗುರುತೂ ಇರಬೇಕು. ಹಬ್ಬಿಗೆ ಕೂಡುವ ಮುಖ ಎಷ್ಟು ಒಳಗಿದೆ ಅಂತ ತಿಳಿಯಲು ಗಾಲಿಯನ್ನು ಬೋರಲು ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ನೆಟ್ಟನೆಯ ಕೋಲು ಅಡ್ಡ ಇಟ್ಟು, ಕೋಲಿನಿಂದ ಆ ಮುಖದವರೆಗೆ ಸ್ಕೇಲ್ ಇಳಿಸಿ. 8 ಇಂಚಿನ ರಿಮ್ಮು ಅಂಚು ಸೇರಿ ಸುಮಾರು 9 ಇಂಚು ಇರುತ್ತದೆ. ಸ್ಕೇಲು ನಾಲ್ಕೂವರೆ ತೋರಿಸಿದರೆ ಆಫ್‌ಸೆಟ್ ಸೊನ್ನೆ, ಐದೂವರೆ ತೋರಿಸಿದರೆ ಪಾಸಿಟಿವ್ 25ರ ಆಸುಪಾಸು.

ಅಂಗಡಿಗೆ ಹೋಗುವ ಮುಂಚೆ ನಿಮ್ಮ ಗಾಡಿಯ ಹಳೆಯ ರಿಮ್ಮಿನ ಮೇಲೆ ಬರೆದದ್ದನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಹೊಸದರ ಇಟಿ ಎಷ್ಟು ಅಂತ ಕೇಳಿ. ಹೇಳಿದರೆ ಮುಂದಿನ ಮಾತು. ಹೇಳದಿದ್ದರೆ ಅವನು ಕೊಟ್ಟ ಚಹಾ ಕುಡಿದು ಎದ್ದು ಬನ್ನಿ.